ಐವತ್ತೇಳನೇ ಬೋಲ್ಟಿನ ಹಳದಿ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಒಂಬತ್ತನೇ ಗಾಳಿಯಂತ್ರದ ಐವತ್ತೇಳನೇ ಬೋಲ್ಟಿನ ಫೋಟೊದಲ್ಲಿ, ಕೆಂಪು ಗೆರೆಯ ಪಕ್ಕ ಒಂದಿಷ್ಟು ಹಳದಿ ಬಣ್ಣ ಕಾಣಿಸಿತು. ಉಗುರಿನ ಚೂರಿನಷ್ಟು. ಕಂಡವಳು ಸ್ಥಾವರದ ಮೇಲ್ವಿಚಾರಕಿ. ಮೇಜಿನ ಆಚೆ ಬದಿಯಲ್ಲಿ ವರದಿ ಬರೆಯುತ್ತಿದ್ದ ತಪಾಸಕರು ಅದೇ ಫೋಟೊವನ್ನು ಅರ್ಧ ಗಂಟೆಯ ಹಿಂದೆ ನೋಡಿ ಮುಂದಿನದಕ್ಕೆ ಹೋಗಿದ್ದರು.

ಅವಳು ಫೋಟೊವನ್ನು ದೊಡ್ಡದು ಮಾಡಿ ನೋಡಿದಳು. ಇನ್ನಷ್ಟು ದೊಡ್ಡದು ಮಾಡಿದಳು. ಆಮೇಲೆ ಕಂಪ್ಯೂಟರಿನ ಪರದೆಯನ್ನು ತುಸು ತನ್ನ ಕಡೆಗೆ ತಿರುಗಿಸಿಕೊಂಡಳು.

ಬೆಟ್ಟಸಾಲಿನ ಮೇಲೆ ಹದಿನಾಲ್ಕು ಯಂತ್ರಗಳಿದ್ದವು. ಎಲ್ಲಕ್ಕೂ ಇಪ್ಪತ್ತೆರಡು ವರ್ಷ ವಯಸ್ಸು. ಇಪ್ಪತ್ತು ವರ್ಷದ ಬಾಳಿಕೆಗೆಂದು ಕಟ್ಟಿದವು. ಮೇಲೆ ಸಿಕ್ಕಿದ್ದ ಎರಡು ವರ್ಷದ ಅನುಮತಿ ಅಂದಿಗೆ ಮುಗಿಯುತ್ತಿತ್ತು. ಸಂಜೆ ಐದಕ್ಕೆ ಮಾಲೀಕರ ಸಭೆ. ತಪಾಸಕರ ವರದಿ ನಾಲ್ಕರೊಳಗೆ ಸಭೆಗೆ ತಲುಪಬೇಕು. ವರದಿ ‘ಸುರಕ್ಷಿತ’ ಎಂದರೆ ಇನ್ನೂ ಹತ್ತು ವರ್ಷ ಓಡಿಸಬಹುದು. ಇಲ್ಲವಾದರೆ ಬಿಚ್ಚಿ ಗುಜರಿಗೆ ಹಾಕಬೇಕು.

ಮೂರನೇ ದಾರಿಯನ್ನು ಮಾಲೀಕರು ಆಗಲೇ ಹುಡುಕಿ ಕೈಬಿಟ್ಟಿದ್ದರು. ಬೇರೆ ಬೆಟ್ಟಗಳಲ್ಲಿ ಹಳೆಯ ಹದಿನಾಲ್ಕನ್ನು ಕಿತ್ತು ಅದೇ ಜಾಗದಲ್ಲಿ ದೊಡ್ಡವು ನಾಲ್ಕನ್ನು ನಿಲ್ಲಿಸುತ್ತಿದ್ದರು, ವಿದ್ಯುತ್ತು ಎರಡರಷ್ಟು. ಇಲ್ಲಿ ಅದು ಆಗದು. ಹೊಸ ಯಂತ್ರದ ಒಂದೊಂದು ರೆಕ್ಕೆಯೂ ಎಪ್ಪತ್ತೆಂಟು ಮೀಟರ್ ಉದ್ದ. ಬೆಟ್ಟದ ರಸ್ತೆಯ ಮೂರನೇ ತಿರುವಿನಲ್ಲಿ ಐವತ್ತು ಮೀಟರಿನ ಗಾಡಿಯೇ ಉಸಿರು ಬಿಗಿಹಿಡಿದು ತಿರುಗಬೇಕು. ತಿರುವಿನ ಒಂದು ಬದಿ ಬಂಡೆ, ಇನ್ನೊಂದು ಬದಿ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಜಲಾಶಯ. ಬಂಡೆ ಸಿಡಿಸಲು ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ಇಲ್ಲ ಎನ್ನಿಸಿಕೊಂಡಿದ್ದರು. ರೆಕ್ಕೆಯನ್ನು ಮೇಲಕ್ಕೆತ್ತಿ ಹಿಡಿದು ಸಾಗುವ ವಿಶೇಷ ಗಾಡಿಯವರು ಬಂದು, ತಿರುವಿನ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳನ್ನು ತಲೆಯೆತ್ತಿ ನೋಡಿ, ವಾಪಸು ಹೋಗಿದ್ದರು. ಹೀಗಾಗಿ ಈ ಬೆಟ್ಟದ ಮೇಲೆ ಗಾಳಿಯಿಂದ ವಿದ್ಯುತ್ತು ಬರುವುದಾದರೆ ಈ ಹದಿನಾಲ್ಕು ಮುದಿ ಯಂತ್ರಗಳಿಂದಲೇ ಬರಬೇಕಿತ್ತು. ಸುತ್ತಮುತ್ತ ಮೂವತ್ತು ಕಿಲೋಮೀಟರಿನಲ್ಲಿ ಇಂಥ ಗಾಳಿ ಬೇರೆಲ್ಲೂ ಇರಲಿಲ್ಲ.

ಮೇಲ್ವಿಚಾರಕಿಯನ್ನು ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳ ಸ್ವಂತ ತಮ್ಮ ಅಲ್ಲಿಯೇ ತಂತ್ರಜ್ಞನಾಗಿದ್ದ. ಅವನು ಕರೆದದ್ದನ್ನೇ ಉಳಿದ ಒಂಬತ್ತು ಮಂದಿಯೂ ಹಿಡಿದುಕೊಂಡಿದ್ದರು. ಅವಳಿಗಿಂತ ಹದಿನೆಂಟು ವರ್ಷ ದೊಡ್ಡವನಾದ ಕಂಟ್ರೋಲ್ ರೂಮಿನ ಆಪರೇಟರ್ ಕೂಡ. ತಮ್ಮನಿಗೆ ಮಾತ್ರ ಅವರು ಬೇರೆ ಹೆಸರಿಟ್ಟಿದ್ದರು: ನೀಟಪ್ಪ. ಅವನ ಪಾನಾಗಳು ಅಳತೆಯ ಕ್ರಮದಲ್ಲಿ ಗೋಡೆಗೆ ನೇತುಬಿದ್ದಿರುತ್ತಿದ್ದವು. ಅವನು ಒರೆಸಿದ ಯಂತ್ರದೊಳಗೆ ಊಟಕ್ಕೆ ಕೂರಬಹುದು ಎಂಬುದು ಸ್ಥಾವರದ ಹಳೆಯ ಮಾತು.

ಅಕ್ಕ ಕುರ್ಚಿ ಹಿಂದೆ ಸರಿಸಿ ಎದ್ದಳು.

“ಎಲ್ಲಿಗೆ?” ತಪಾಸಕರು ತಲೆಯೆತ್ತದೆ ಕೇಳಿದರು.

“ಸ್ಟೋರಿಗೆ ಸಾರ್. ಎರಡು ನಿಮಿಷ.”

“ನಿಮ್ಮ ಹುಡುಗರ ಗೆರೆಗಳು ಮುತ್ತು ಪೋಣಿಸಿದ ಹಾಗಿವೆ. ಎಷ್ಟೋ ಕಡೆ ನೋಡಿದೀನಿ, ಹೀಗೆ ಎಲ್ಲೂ ಇಲ್ಲ.”

ಅವಳು ಬಾಗಿಲು ದಾಟಿದಳು.

ಆ ಗೆರೆಗಳ ಮೇಲೆ ಬಹಳಷ್ಟು ನಿಂತಿತ್ತು. ಟವರ್ ಒಂದೇ ತುಂಡಲ್ಲ. ನಾಲ್ಕು ಉಕ್ಕಿನ ಕೊಳವೆಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಸೇರುವ ಕಡೆ ಉಂಗುರದಂಥ ಅಂಚುಗಳನ್ನು ತೊಂಬತ್ತಾರು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಪ್ರತಿಯೊಂದನ್ನೂ ಅಳತೆಯ ಬಲದಿಂದ ಬಿಗಿದ ಮೇಲೆ, ನಟ್ಟಿನಿಂದ ಉಂಗುರದವರೆಗೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯುತ್ತಾರೆ. ನಟ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಮುಂದಿನ ವರ್ಷ ಬಂದವನು ಪ್ರತಿ ಬೋಲ್ಟನ್ನೂ ಬಿಗಿದು ನೋಡಬೇಕಿಲ್ಲ, ಟಾರ್ಚು ಹಿಡಿದು ಗೆರೆ ನೋಡಿದರೆ ಸಾಕು. ಗೆರೆ ನೆಟ್ಟಗಿದ್ದರೆ ಬೋಲ್ಟು ಬಿಗಿಯಾಗಿದೆ.

ಟವರ್ ನಿಲ್ಲಿಸಿದವರು ಎಳೆದಿದ್ದ ಗೆರೆ ಹಳದಿ. ಫೋಟೊದಲ್ಲಿದ್ದದ್ದು ಕೆಂಪು. ಐವತ್ತೇಳರಲ್ಲಿ, ಉಂಗುರದ ಮೇಲೆ ಹಳದಿಯ ಅವಶೇಷ ಕೆಂಪಿನ ಅಡಿಯಲ್ಲೇ ಇತ್ತು. ನಟ್ಟಿನ ಮೇಲಿನದು ಮಾತ್ರ ಎಂಟು ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ಅಂದರೆ ನಟ್ಟು ತಿರುಗಿದ ಮೇಲೆ ಯಾರೋ ಅದರ ಮೇಲೆ ಹೊಸ ಗೆರೆಯನ್ನು ನೆಟ್ಟಗೆ ಎಳೆದಿದ್ದರು.

ಸ್ಟೋರಿನಲ್ಲಿ ನೀಟಪ್ಪ ಸುರಕ್ಷತಾ ಪಟ್ಟಿಗಳ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದ. ಅಕ್ಕ ಬಾಗಿಲು ಹಾಕಿದಳು.

“ಉಂಗುರದ ಗೆರೆಗಳಿಗೆ ಕೆಂಪು ಬಣ್ಣ ಯಾರು ಹಾಕಿದ್ದು?”

“ನಾನೇ. ಯಾಕೆ, ಚೆನ್ನಾಗಿಲ್ವಾ?”

“ಯಾವಾಗ?”

“ಎರಡು ವರ್ಷ ಆಯ್ತಲ್ಲ. ಆಗ ಆಡಿಟ್‌ನೋರು ಬರೆದಿದ್ರಲ್ಲ, ಗುರುತುಗಳು ಮಾಸಿವೆ, ಸರಿಪಡಿಸಿ ಅಂತ. ಗ್ರೀಸು ಸೋರಿ ಒಂದೂ ಕಾಣ್ತಿರ್ಲಿಲ್ಲ. ಎಲ್ಲಾ ಒರೆಸಿ ಹೊಸದಾಗಿ ಎಳ್ದೆ. ಹನ್ನೆರಡು ದಿನ ಹಿಡೀತು, ಬೆನ್ನು ಮುರಿದುಹೋಯ್ತು. ನೀನೇ ಶಾಭಾಸ್ ಅಂದಿದ್ದೆ.”

“ಎಳೆಯೋ ಮುಂಚೆ ಬಿಗಿದು ನೋಡಿದ್ಯಾ?”

ಅವನು ಕೊಂಡಿ ಕೆಳಗಿಟ್ಟ.

“ಪಾನಾಕ್ಕೆ ಒತ್ತಡ ಕೊಡೋ ಪಂಪು ಆವಾಗ ರಿಪೇರಿಗೆ ಹೋಗಿತ್ತು.”

“ನೋಡಿದ್ಯೋ ಇಲ್ವೋ?”

“ಇಲ್ಲ. ಅವರು ಬರೆದದ್ದು ಗುರುತು ಸರಿಮಾಡಿ ಅಂತ ಅಕ್ಕಾ. ಬೋಲ್ಟು ಸರಿಮಾಡಿ ಅಂತ ಅಲ್ಲ. ಗುರುತು ಸರಿಮಾಡ್ದೆ.”

“ಎಷ್ಟು ಯಂತ್ರಕ್ಕೆ?”

“ಹದಿನಾಲ್ಕಕ್ಕೂ.”

ಅಕ್ಕ ಬಣ್ಣದ ಡಬ್ಬಗಳ ಕಪಾಟಿಗೆ ಒರಗಿ ನಿಂತಳು. ಹದಿನಾಲ್ಕು ಯಂತ್ರ, ಯಂತ್ರಕ್ಕೆ ಮೂರು ಉಂಗುರ, ಉಂಗುರಕ್ಕೆ ತೊಂಬತ್ತಾರು. ನಾಲ್ಕು ಸಾವಿರದ ಮೂವತ್ತೆರಡು ಗೆರೆ. ಅಷ್ಟೂ ನೆಟ್ಟಗಿದ್ದವು, ಒಂದೂ ಏನನ್ನೂ ಹೇಳುತ್ತಿರಲಿಲ್ಲ. ‘ಆಡಿಟ್ ಆಕ್ಷೇಪಣೆ ಸರಿಪಡಿಸಲಾಗಿದೆ’ ಎಂಬ ಕಾಗದದ ಕೆಳಗೆ ಇದ್ದದ್ದು ಅವಳದೇ ಸಹಿ. ಬಣ್ಣ ನೋಡಿದ್ದಳು, ಮೆಚ್ಚಿದ್ದಳು, ಸಹಿ ಹಾಕಿದ್ದಳು.

“ಐವತ್ತೇಳು ತಿರುಗಿದೆ ಕಣೋ. ಒಂಬತ್ತನೇದರಲ್ಲಿ. ಹಳೇ ಹಳದಿ ಒಂಚೂರು ಉಳಿದಿದೆ.”

“ನಾನು ಒರೆಸಿದ್ನಲ್ಲ...”

“ನೀನೂ ಒಂದನ್ನ ಬಿಟ್ಟಿದೀಯ. ಜೀವನದಲ್ಲಿ ಒಂದೇ ಒಂದು ಸಲ.”

ನೀಟಪ್ಪ ನಗಲಿಲ್ಲ. ದನಿ ತಗ್ಗಿಸಿ ಕೇಳಿದ: “ಸಾರ್ ನೋಡಿದ್ರಾ?”

“ಇಲ್ಲ.”

“ಹಾಗಿದ್ರೆ ಸುಮ್ನಿರು. ದಮ್ಮಯ್ಯ, ಇವತ್ತೊಂದು ದಿನ ಸುಮ್ನಿರು. ವರದಿ ಹೋಗ್ಲಿ, ಸಭೆ ಆಗ್ಲಿ. ನಾಳೆಯಿಂದ ಒಂದೊಂದೇ ಬಿಗೀತೀನಿ. ಭಾನುವಾರನೂ ಬರ್ತೀನಿ. ಎಲ್ಲಾ ಗಟ್ಟಿ ಮಾಡ್ಬಿಟ್ರೆ ಸುಳ್ಳು ಅನ್ನೋದೇ ಉಳಿಯಲ್ಲ, ಅಲ್ವಾ?”

“ಸಡಿಲ ಆಗಿ ಎಷ್ಟು ವರ್ಷ ಆಯ್ತೋ ಯಾರಿಗೆ ಗೊತ್ತು? ಸಡಿಲ ಬೋಲ್ಟು ಗಾಳಿ ಬಂದಾಗೆಲ್ಲ ಎಳೆದಾಡ್ತಾ ಇರುತ್ತೆ. ಒಳಗೇ ಬಿರುಕು ಬಿಟ್ಟಿರುತ್ತೆ. ಆಮೇಲೆ ನೀನು ಬಿಗಿದ್ರೆ ಅದು ಗಟ್ಟಿ ಆಗಲ್ಲ, ಬೇಗ ತುಂಡಾಗುತ್ತೆ. ಟ್ರೈನಿಂಗಲ್ಲಿ ನಿನಗೆ ಹೇಳಿಕೊಟ್ಟಿದ್ದೇ ನಾನು.”

“ಹನ್ನೊಂದು ಮನೆ ಅಕ್ಕಾ. ನಮ್ಮಿಬ್ಬರದ್ದೂ ಸೇರಿ. ಇದು ಹೋದ್ರೆ ಈ ಬೆಟ್ಟಕ್ಕೆ ಇನ್ಯಾರೂ ಬರಲ್ಲ, ಗೊತ್ತಲ್ಲ ನಿನಗೆ. ಒಂದು ಚೂರು ಹಳದಿಗೆ...”

ಹೊರಗೆ ಗಾಳಿ ತಗಡಿನ ಚಾವಣಿಯನ್ನು ಒಮ್ಮೆ ಎತ್ತಿ ಬಿಟ್ಟಿತು. ಮುನ್ಸೂಚನೆಯ ಪ್ರಕಾರ ಮಧ್ಯಾಹ್ನ ಮೂರರ ಹೊತ್ತಿಗೆ ವೇಗ ಸೆಕೆಂಡಿಗೆ ಹದಿನೇಳು ಮೀಟರ್ ಮುಟ್ಟಬೇಕಿತ್ತು. ಆ ತಿಂಗಳಲ್ಲೇ ಜೋರಾದ ಗಾಳಿ. ಒಂಬತ್ತನೇ ಯಂತ್ರ ಆ ಗಳಿಗೆಯಲ್ಲಿ ಪೂರ್ತಿ ಶಕ್ತಿಯ ಅರ್ಧದಷ್ಟರಲ್ಲಿ ಓಡುತ್ತಿತ್ತು.

ಅಕ್ಕ ಬಾಗಿಲು ತೆಗೆದು ನೇರ ಕಂಟ್ರೋಲ್ ರೂಮಿಗೆ ಹೋದಳು.

“ಒಂಬತ್ತು ನಿಲ್ಸಿ.”

ಆಪರೇಟರ್ ಕಾಫಿ ಲೋಟವನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದ. “ಏನಾಯ್ತು ಅದಕ್ಕೆ? ಎಲ್ಲಾ ಹಸಿರು ತೋರಿಸ್ತಿದೆ.”

“ನಿಲ್ಸಿ. ಆಮೇಲೆ ಉಳಿದ ಹದಿಮೂರೂ ನಿಲ್ಸಿ. ಗ್ರಿಡ್‌ನೋರಿಗೆ ಫೋನ್ ಮಾಡಿ ಹೇಳಿ.”

“ಅಕ್ಕಾ! ಗಾಳಿ ಬರೋ ದಿನಾನೇ ಅಂಗಡಿ ಮುಚ್ತಾರಾ? ಗ್ರಿಡ್‌ನೋರು ನನ್ನ ಚರ್ಮ ಸುಲೀತಾರೆ.”

“ನನ್ನ ಹೆಸರು ಹೇಳಿ.”

ಅವನು ಅವಳ ಮುಖ ನೋಡಿ ಲೋಟ ಕೆಳಗಿಟ್ಟ. ಹನ್ನೊಂದು ಇಪ್ಪತ್ತೊಂಬತ್ತಕ್ಕೆ ಒಂಬತ್ತನೇ ಯಂತ್ರದ ರೆಕ್ಕೆಗಳು ಗಾಳಿಗೆ ಅಂಚು ಕೊಟ್ಟು ನಿಧಾನವಾದವು.

ತಪಾಸಕರಿಗೆ ಅವಳು ನಿಂತುಕೊಂಡೇ ಹೇಳಿದಳು. ಪರದೆಯನ್ನು ಅವರ ಕಡೆ ತಿರುಗಿಸಿ, ಹಳದಿಯ ಮೇಲೆ ಪೆನ್ನಿನ ತುದಿ ಇಟ್ಟಳು. ಬಣ್ಣ ಹಾಕಿದ್ದು ಯಾರು, ಯಾವಾಗ, ಪಂಪು ಎಲ್ಲಿತ್ತು, ಕೆಳಗೆ ಸಹಿ ಯಾರದ್ದು, ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

“ಯಾವಾಗ ಕಂಡಿರಿ ಇದನ್ನ?”

“ಹನ್ನೊಂದು ಹತ್ತಕ್ಕೆ.”

“ಈಗ ಹನ್ನೊಂದು ಮೂವತ್ತೆರಡು. ಇಪ್ಪತ್ತೆರಡು ನಿಮಿಷ ಏನು ಮಾಡ್ತಿದ್ರಿ?”

“ತಮ್ಮನ ಜೊತೆ ಜಗಳ ಆಡ್ತಿದ್ದೆ.”

ತಪಾಸಕರು ಫೋಟೊದತ್ತ ಮತ್ತೊಮ್ಮೆ ಬಾಗಿದರು. “ನಾನೂ ನೋಡ್ದೆ ಈ ಫೋಟೊ. ಮುತ್ತು ಪೋಣಿಸಿದ ಹಾಗಿದೆ ಅಂದೆ. ಬಾಯಿಗೆ ಬೀಗ ಹಾಕ್ಕೋಬೇಕಿತ್ತು.” ನಾಲ್ಕು ಪುಟ ಹಿಂದಕ್ಕೆ ಹೋಗಿ, ಬೋಲ್ಟುಗಳ ಬಗೆಗೆ ಬರೆದಿದ್ದ ಇಡೀ ಭಾಗವನ್ನು ಅಳಿಸಿದರು. “ಈಗ ನನ್ನ ಹತ್ರ ಏನೂ ಇಲ್ಲ. ಖಚಿತಪಡಿಸಲಾಗದು ಅಂತ ಒಂದು ಸಾಲು ಬರೀಬೇಕು. ಆ ಒಂದು ಸಾಲಿಗೆ ಸಭೆ ಏನ್ ಮಾಡುತ್ತೆ ನಿಮಗೆ ಗೊತ್ತು.”

“ಗೊತ್ತು.”

“ಒಂದು ಕೆಲಸ ಮಾಡಬಹುದು. ಅತಿ ಕೆಟ್ಟದ್ದು ಯಾವುದೋ ಅದರ ಒಂದು ಉಂಗುರದ ಪೂರ್ತಿ ಅಳತೆ ಕೊಡಿ. ಒಂಬತ್ತರ ನಡುವಿನ ಉಂಗುರ, ತೊಂಬತ್ತಾರೂ. ಅದನ್ನ ಇಟ್ಕೊಂಡು ಉಳಿದದ್ದರ ಬಗ್ಗೆ ಏನಾದರೂ ಹೇಳೋಕಾಗುತ್ತೆ. ಸಭೆ ಬಿಚ್ಚಿ ಅನ್ನೋ ಬದಲು ಅಳೀರಿ ಅನ್ನಬಹುದು. ಆದ್ರೆ ಗಾಳಿ?”

“ಸೆಕೆಂಡಿಗೆ ಹದಿನಾಲ್ಕು ಮೀಟರಿನವರೆಗೆ ಟವರ್ ಒಳಗೆ ಇರಬಹುದು. ಎರಡು ಗಂಟೆ ಹೊತ್ತಿಗೆ ಅದನ್ನ ದಾಟುತ್ತೆ.”

“ಯಾರು ಹತ್ತೋದು?”

ಪರವಾನಗಿ ಇದ್ದ ತಂತ್ರಜ್ಞರು ನೀಟಪ್ಪ ಮತ್ತು ಅವನ ಜೊತೆಗಾರ, ಇಬ್ಬರೇ. ಜೊತೆಗಾರನ ಹೆಂಡತಿಗೆ ಹಿಂದಿನ ದಿನ ಹೆರಿಗೆಯಾಗಿತ್ತು, ಅವನು ಆಸ್ಪತ್ರೆಯಲ್ಲಿದ್ದ. ಒಬ್ಬರೇ ಹತ್ತುವಂತಿಲ್ಲ. ಅಕ್ಕನ ಪರವಾನಗಿಗೆ ಇನ್ನೂ ಒಂದು ತಿಂಗಳ ಜೀವವಿತ್ತು. ಕೊನೆಯ ಸಲ ಹತ್ತಿದ್ದು ಹದಿನಾಲ್ಕು ತಿಂಗಳ ಹಿಂದೆ.

ನಲವತ್ತಮೂರು ಮೀಟರ್ ಏಣಿ. ನೀಟಪ್ಪ ಮುಂದೆ, ಅಕ್ಕ ಹಿಂದೆ. ಮೊದಲ ಅಟ್ಟದಲ್ಲಿ ಅವಳಿಗೆ ಏದುಸಿರು ಬಂತು. ಎರಡನೆಯದಕ್ಕೆ ಬರುವಷ್ಟರಲ್ಲಿ ಮುಂಗೈ ಮರಗಟ್ಟಿತ್ತು. ಹಗ್ಗದ ರಾಟೆಯಲ್ಲಿ ಪಂಪು ತೂಗುತ್ತ ಮೇಲೆ ಬಂತು. ಟವರಿನೊಳಗೆ ಮೂರು ಮೀಟರ್ ಅಗಲದ ಉಕ್ಕಿನ ಕೋಣೆ, ಬೆಳಕಿಗೆ ಎರಡು ಬಲ್ಬು. ಎದೆಮಟ್ಟದಲ್ಲಿ ಸುತ್ತಲೂ ಉಂಗುರ, ಅದರ ಮೇಲೆ ಕೆಂಪು ಗೆರೆಗಳ ಸಾಲು. ನೀಟಪ್ಪ ಆ ಕಡೆ ನೋಡದೆ ಮೆದುಗೊಳವೆ ಜೋಡಿಸತೊಡಗಿದ.

ಐವತ್ತೇಳರ ಎಡಕ್ಕೆ ಏಣಿ, ಅದರ ಪಕ್ಕದಲ್ಲಿ ತೋಳಿನ ಗಾತ್ರದ ಕೇಬಲ್ಲುಗಳ ಕಂತೆ. ಪಂಪನ್ನು ಆ ಕಡೆ ದಾಟಿಸಬೇಕಾದರೆ ಎಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು, ಇಪ್ಪತ್ತು ನಿಮಿಷದ ಕೆಲಸ. ಆದ್ದರಿಂದ ಐವತ್ತೇಳರಿಂದ ಬಲಕ್ಕೆ ಹೊರಟು ಸುತ್ತು ಹಾಕುವುದೆಂದು ತೀರ್ಮಾನಿಸಿದರು. ಕೇಬಲ್ಲಿನ ಹಿಂದಿನ ಆರು, ಐವತ್ತೊಂದರಿಂದ ಐವತ್ತಾರು, ಕೊನೆಗೆ.

ಹನ್ನೆರಡು ಇಪ್ಪತ್ತೈದಕ್ಕೆ ಪಾನಾ ಐವತ್ತೇಳರ ಮೇಲೆ ಕೂತಿತು. ನೀಟಪ್ಪ ಗುಂಡಿ ಒತ್ತಿದ. ಪಂಪು ಗೊರಗುಟ್ಟಿತು. ಒತ್ತಡ ಅರ್ಧಕ್ಕೂ ಬಂದಿರಲಿಲ್ಲ, ನಟ್ಟು ತಿರುಗಿತು. ಕೆಂಪು ಗೆರೆ ಎರಡು ತುಂಡಾಯಿತು.

“ಬರಿ,” ಎಂದಳು ಅಕ್ಕ, ಬರೆಯಬೇಕಾದವಳು ತಾನೇ ಎಂಬುದು ನೆನಪಾಗಿ ಪೆನ್ನಿನ ಮುಚ್ಚಳ ತೆಗೆದಳು.

ಐವತ್ತೆಂಟು ತಿರುಗಿತು. ಐವತ್ತೊಂಬತ್ತೂ ತಿರುಗಿತು. ಅರವತ್ತರಲ್ಲಿ ಒತ್ತಡ ಏರಲೇ ಇಲ್ಲ. ನಟ್ಟು ಸುತ್ತುತ್ತಲೇ ಇತ್ತು, ಜೊತೆಗೆ ಬೋಲ್ಟೂ. ನೀಟಪ್ಪ ಪಾನಾ ತೆಗೆದು ಬೆರಳಿನಿಂದ ಎತ್ತಿದ. ಬೋಲ್ಟಿನ ಮೇಲರ್ಧ ನಟ್ಟಿನ ಸಮೇತ ಅವನ ಕೈಗೆ ಬಂತು. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪು, ತುಕ್ಕು ಹಿಡಿದದ್ದು. ಕಾಲು ಭಾಗ ಬೂದು. ಹೊಳೆಯುವ ಭಾಗ ಇರಲೇ ಇಲ್ಲ. ಅದು ಮುರಿದು ತಿಂಗಳುಗಳೇ ಆಗಿದ್ದವು.

ಅವನು ಅದನ್ನು ಹಿಡಿದುಕೊಂಡೇ ನಿಂತ. ನೆಟ್ಟಗೆ ಎಳೆದ ಕೆಂಪು ಗೆರೆ ಆ ತುಂಡಿನ ಮೇಲೆ ಇನ್ನೂ ಇತ್ತು.

“ಇದರ ಕೆಳಗೇ ಕೂತು ಊಟ ಮಾಡಿದೀನಿ ಅಕ್ಕಾ,” ಎಂದ.

“ಚೀಲಕ್ಕೆ ಹಾಕು. ಮುಂದಿನದು.”

ಅರವತ್ತೊಂದು, ಅರವತ್ತೆರಡು ತಿರುಗಿದವು. ಅರವತ್ಮೂರು ಪೂರ್ತಿ ಒತ್ತಡಕ್ಕೂ ಅಲುಗದೆ ನಿಂತಿತು. ಅರವತ್ನಾಲ್ಕು ನಿಂತಿತು. ಅಲ್ಲಿಂದ ಮುಂದೆ ಕೆಲಸಕ್ಕೆ ಒಂದು ಲಯ ಬಂತು: ಪಾನಾ ಇಡು, ಒತ್ತು, ನೋಡು, ಹೇಳು, ಬರಿ, ಎತ್ತು. ಒಂದಕ್ಕೆ ಒಂದು ನಿಮಿಷ. ಹತ್ತಕ್ಕೊಮ್ಮೆ ಪಂಪನ್ನು ಕಾಲಿನಿಂದ ಸರಿಸುವುದು. ವಾಕಿಟಾಕಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಆಪರೇಟರನ ದನಿ.

“ಗಾಳಿ ಹನ್ನೊಂದು ಪಾಯಿಂಟ್ ಎರಡು. ಗ್ರಿಡ್‌ನೋರು ನಿಮ್ಮನ್ನ ಪ್ರೀತಿಯಿಂದ ವಿಚಾರಿಸಿದ್ರು ಅಕ್ಕಾ.”

“ಏನಂದ್ರು?”

“ವಾಕಿಟಾಕೀಲಿ ಹೇಳೋ ಮಾತಲ್ಲ.”

ಒಂದು ಗಂಟೆಗೆ ತೊಂಬತ್ತೊಂದನೆಯದು. ಗಾಳಿ ಹನ್ನೆರಡು ಪಾಯಿಂಟ್ ನಾಲ್ಕು. ತೊಂಬತ್ತಾರು ಮುಗಿದು ಮತ್ತೆ ಒಂದರಿಂದ ಎಣಿಕೆ ಶುರುವಾಯಿತು. ನಿಂತಿತು. ನಿಂತಿತು. ನಿಂತಿತು. ಪ್ರತಿ ಸಲವೂ ಅಕ್ಕನ ಪೆನ್ನು ಒತ್ತಡದ ಅಂಕಿ ಬರೆಯುತ್ತಿತ್ತು. ಪ್ರತಿ ಅಂಕಿಯೂ ಹತ್ತು ವರ್ಷದ ಕಡೆಗಲ್ಲದಿದ್ದರೂ ಗುಜರಿಯಿಂದ ಒಂದು ಹೆಜ್ಜೆ ದೂರಕ್ಕೆ ಎಂದು ಅವಳು ಲೆಕ್ಕ ಹಾಕುತ್ತಿದ್ದಳು.

ಒಂದೂವರೆಯ ಹೊತ್ತಿಗೆ ಟವರ್ ಅಲುಗಾಡತೊಡಗಿತು. ನಿಂತ ಯಂತ್ರವೂ ಗಾಳಿಗೆ ಅಲುಗಾಡುತ್ತದೆ. ಅದು ಇಬ್ಬರಿಗೂ ಗೊತ್ತಿದ್ದದ್ದೇ. ಆದರೆ ಅರವತ್ತನೇ ಬೋಲ್ಟಿನ ಖಾಲಿ ತೂತು ಕಣ್ಣೆದುರಿಗೆ ಇದ್ದಾಗ ಅದು ಬೇರೆಯೇ ಆಗಿತ್ತು. ಹೊರಗಿನ ಗಾಳಿ ಉಕ್ಕಿನ ಕೊಳವೆಯೊಳಗೆ ಒಂದೇ ಸ್ವರವಾಗಿ ಕೇಳುತ್ತಿತ್ತು.

“ಹದಿಮೂರು ಪಾಯಿಂಟ್ ಒಂದು,” ಎಂದ ಆಪರೇಟರ್. ಈ ಸಲ ತಮಾಷೆ ಸೇರಿಸಲಿಲ್ಲ.

ನೀಟಪ್ಪನ ಬೆನ್ನು ಪೂರ್ತಿ ತೊಯ್ದಿತ್ತು. ಒಂದು ಐವತ್ತೇಳಕ್ಕೆ ಅವನು ಐವತ್ತನೇ ಬೋಲ್ಟಿನಿಂದ ಪಾನಾ ಎತ್ತಿದ. ನಿಂತಿತು. ತೊಂಬತ್ತು ಮುಗಿದಿದ್ದವು. ತೊಂಬತ್ತರಲ್ಲಿ ಐದು ಸಡಿಲ, ಒಂದು ತುಂಡು, ಆರೂ ಒಂದೇ ಕಡೆ. ಉಳಿದ ಎಂಬತ್ತನಾಲ್ಕು ಗಟ್ಟಿ. ಕೇಬಲ್ ಕಂತೆಯ ಆಚೆ ಆರು ಬಾಕಿ ಇದ್ದವು.

“ಪಂಪು ದಾಟಿಸೋದು ಬೇಡ,” ಎಂದ ಅವನು. “ಕೇಬಲ್ ಸಂದೀಲಿ ಪಂಪಿನ ಕೊಳವೆ ತೂರಿಸ್ತೀನಿ. ನೀನು ಆ ಕಡೆ ನಿಂತು ಪಾನಾ ಹಿಡ್ಕೊ. ಆರಕ್ಕೆ ಆರು ನಿಮಿಷ.”

ಅವನು ಕೊಳವೆ ತೂರಿಸುತ್ತಿರುವಾಗಲೇ ವಾಕಿಟಾಕಿ ಕರಕರ ಎಂದಿತು. “ಹದಿನಾಲ್ಕು ಪಾಯಿಂಟ್ ಒಂದು. ಅಕ್ಕಾ, ಹದಿನಾಲ್ಕು ಪಾಯಿಂಟ್ ಒಂದು.”

“ಇಳಿ,” ಎಂದಳು ಅಕ್ಕ.

“ಆರು ನಿಮಿಷ ಅಕ್ಕಾ!”

“ಇಳಿ ಅಂದೆ.”

“ತೊಂಬತ್ತಾರೂ ಬೇಕು ಅಂದಿದಾರೆ ಅವರು. ಪೂರ್ತಿ ಇಲ್ದಿದ್ರೆ ಬರಿಯಲ್ಲ ಅಂತಾರೆ. ಅಷ್ಟೂ ಮಾಡಿ ಕೊನೇ ಆರಕ್ಕೆ ಎಲ್ಲಾ ಕಳ್ಕೊಳೋದಾ? ನೀನು ಇಳಿ. ನಾನು ಮುಗಿಸಿ ಬರ್ತೀನಿ. ತಪ್ಪು ನಂದು.”

“ಇಲ್ಲಿ ಒಬ್ಬರೇ ಇರೋ ಹಾಗಿಲ್ಲ. ನಾನು ಇಳಿದ್ರೆ ನೀನೂ ಇಳೀಬೇಕು.”

“ನಿಯಮ ಹೇಳ್ಬೇಡ ನನಗೆ ಈಗ!”

ಅಕ್ಕ ಹಾಳೆಯನ್ನು ಅಂಗಿಯೊಳಗೆ ಸೇರಿಸಿ, ಪಟ್ಟಿಯ ಕೊಂಡಿಯನ್ನು ಏಣಿಯ ತಂತಿಗೆ ಹಾಕಿ, ಎರಡು ಮೆಟ್ಟಿಲು ಇಳಿದು ನಿಂತಳು. ಅವಳ ತಲೆ ಅಟ್ಟದ ಮಟ್ಟಕ್ಕೆ ಬಂದಿತ್ತು. ನೀಟಪ್ಪ ಕೊಳವೆ ಹಿಡಿದು ಅವಳನ್ನೇ ನೋಡುತ್ತಿದ್ದ. ಆಗ ಗಾಳಿಯ ಒಂದು ಹೊಡೆತಕ್ಕೆ ಟವರ್ ಒಂದು ಕಡೆ ವಾಲಿ ಹಿಂದಿರುಗಿತು. ಕೇಬಲ್ ಕಂತೆಯ ಆಚೆಯಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ. ಒಣ ಕಡ್ಡಿ ಮುರಿದಂತೆ, ಆದರೆ ಲೋಹದ್ದು.

ಇಬ್ಬರೂ ಕೇಳಿದರು.

ನೀಟಪ್ಪ ಕೊಳವೆ ಬಿಟ್ಟ. ಪಂಪಿನ ಸ್ವಿಚ್ಚು ಆರಿಸಿದ. ಪಾನಾವನ್ನು ಅದರ ಜಾಗದಲ್ಲಿ ಇಡದೆ, ಬಿದ್ದಲ್ಲೇ ಬಿಟ್ಟು, ಕೊಂಡಿ ಹಾಕಿಕೊಂಡು ಏಣಿಗೆ ಬಂದ. ಎರಡು ಗಂಟೆ ಹದಿನಾರು ನಿಮಿಷಕ್ಕೆ ಟವರಿನ ಬಾಗಿಲಿನಿಂದ ಹೊರಬಂದರು. ತಪಾಸಕರು ಜೀಪಿನ ಬಾಗಿಲು ತೆರೆದು ಹಿಡಿದು ಕಾಯುತ್ತಿದ್ದರು. ಇನ್ನೂರು ಮೀಟರ್ ಒಳಗೆ ಯಾರೂ ಇರಬಾರದೆಂದು ಎಲ್ಲರನ್ನೂ ಕಳಿಸಿ ಆಗಿತ್ತು.

ಕಚೇರಿಯಲ್ಲಿ ಅಕ್ಕ ಹಾಳೆ ಬಿಡಿಸಿ ಮೇಜಿನ ಮೇಲಿಟ್ಟಳು. ಬೆವರಿಗೆ ಒಂದು ಮೂಲೆ ಕಲಸಿಹೋಗಿತ್ತು. ತಪಾಸಕರು ಅಂಕಿಗಳ ಮೇಲೆ ಬೆರಳಾಡಿಸುತ್ತ ಬಂದು ಐವತ್ತರಲ್ಲಿ ನಿಂತರು.

“ಈ ಆರು?”

“ಅಳೆದಿಲ್ಲ.”

ಬಾಗಿಲ ಬಳಿ ನಿಂತಿದ್ದ ನೀಟಪ್ಪ ಬಾಯಿಬಿಟ್ಟ. “ಅದರಲ್ಲಿ ಒಂದು ಮುರೀತು ಸಾರ್. ಕೇಳಿಸ್ಕೊಂಡ್ವಿ. ಉಳಿದ ಐದೂ ಸಡಿಲನೇ ಇರ್ತವೆ, ಹಾಗಂತ ಬರ್ಕೊಳ್ಳಿ. ಆವಾಗ ತೊಂಬತ್ತಾರೂ ಲೆಕ್ಕ ಆಗುತ್ತೆ.”

“ನೋಡಿದ್ರಾ?”

“ಇಲ್ಲ. ಆದ್ರೆ...”

“ನೋಡದೇ ಗೆರೆ ಎಳೆದಿದ್ದಕ್ಕೇ ತಾನೇ ನಾವು ಇಲ್ಲಿ ಕೂತಿರೋದು?” ಎಂದರು ತಪಾಸಕರು. ಸಿಟ್ಟಿಲ್ಲದೆ ಹೇಳಿದರು. ಹಾಳೆಯ ಆರು ಖಾಲಿ ಚೌಕಗಳಲ್ಲೂ ‘ಅಳೆದಿಲ್ಲ’ ಎಂದು ತಾವೇ ಬರೆದು, ಕೆಳಗೆ ‘ಒಂದು ಸದ್ದು ಕೇಳಿಸಿತು, ಕಾರಣ ತಿಳಿದಿಲ್ಲ’ ಎಂದು ಸೇರಿಸಿದರು.

ನೀಟಪ್ಪ ತನ್ನ ಹೇಳಿಕೆಯನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟ. ಒಂದೂವರೆ ಪುಟ, ಒಂದೂ ಪದ ಹೊಡೆದುಹಾಕದೆ, ಅಂಚು ಬಿಟ್ಟು. ಅಕ್ಕ ಎರಡು ವರ್ಷದ ಹಿಂದಿನ ತನ್ನ ಸಹಿಯನ್ನು ಹಿಂಪಡೆಯುವ ಪತ್ರ ಬರೆದಳು. ಅದು ನಾಲ್ಕೇ ಸಾಲು. ಮೂರು ಸಲ ಹರಿದು ಬರೆದಳು.

ವರದಿ ಮೂರು ಐವತ್ತೆರಡಕ್ಕೆ ಹೋಯಿತು. ಒಂಬತ್ತನೇ ಯಂತ್ರ ಅಸುರಕ್ಷಿತ, ಬಿಚ್ಚತಕ್ಕದ್ದು. ಉಳಿದ ಹದಿಮೂರರ ಬಗೆಗೆ ಅಭಿಪ್ರಾಯ ಕೊಡಲು ಆಧಾರವಿಲ್ಲ. ಆದರೆ ಅಳೆದ ತೊಂಬತ್ತರಲ್ಲಿ ದೋಷ ಒಂದೇ ಕಡೆ ಸೀಮಿತವಾಗಿರುವುದರಿಂದ, ಪ್ರತಿ ಬೋಲ್ಟನ್ನೂ ಅಳೆಯುವ ಅವಕಾಶ ಕೊಡುವುದು ನ್ಯಾಯ. ಅಳೆದು ಮುಗಿಯುವವರೆಗೆ ಒಂದೂ ಓಡಕೂಡದು.

ಐದರಿಂದ ಆರೂವರೆವರೆಗೆ ಗಾಳಿ ಹದಿನೇಳರಿಂದ ಹತ್ತೊಂಬತ್ತರ ನಡುವೆ ಬೀಸಿತು. ಹದಿನಾಲ್ಕು ಯಂತ್ರಗಳೂ ರೆಕ್ಕೆ ತಿರುಗಿಸದೆ ನಿಂತಿದ್ದವು. ಕಂಟ್ರೋಲ್ ರೂಮಿನಲ್ಲಿ ಆಪರೇಟರ್, ಅಕ್ಕ, ನೀಟಪ್ಪ ಮೂವರೂ ಫೋನಿನ ಮುಂದೆ ಕೂತಿದ್ದರು. ಅದು ಆರು ನಲವತ್ತಕ್ಕೆ ರಿಂಗಾಯಿತು. ಅಕ್ಕ ಎತ್ತಿಕೊಂಡಳು, ಹೂಂ ಎಂದಳು, ಮೂರು ಸಲ ಹೂಂ ಎಂದಳು, ಇಟ್ಟಳು.

“ಹತ್ತು ವರ್ಷ ಇಲ್ಲ,” ಎಂದಳು. “ತೊಂಬತ್ತು ದಿನ ಕೊಟ್ಟಿದಾರೆ. ಅಳೆಯೋಕೆ. ಅಷ್ಟರಲ್ಲಿ ಮುಗೀದಿದ್ರೆ ಎಲ್ಲಾನೂ ಬಿಚ್ತಾರೆ.”

“ನಾಲ್ಕು ಸಾವಿರ ಬೋಲ್ಟು, ಒಂದು ಪಂಪು,” ಎಂದ ಆಪರೇಟರ್. “ಅವರಿಗೂ ತಮಾಷೆ ಮಾಡೋಕೆ ಬರುತ್ತೆ ಅಂತಾಯ್ತು.”

ಅಕ್ಕನ ಸಹಿಯ ಅಧಿಕಾರವನ್ನು ಆರು ತಿಂಗಳ ಮಟ್ಟಿಗೆ ಹಿಂಪಡೆದರು. ನೀಟಪ್ಪನ ಹತ್ತುವ ಪರವಾನಗಿ ಒಂದು ವರ್ಷಕ್ಕೆ ರದ್ದಾಯಿತು. ಹತ್ತಲು ಬೇರೆ ಸ್ಥಾವರದಿಂದ ನಾಲ್ವರು ಇನ್ನೆರಡು ಪಂಪುಗಳೊಂದಿಗೆ ಬಂದರು, ಅವನು ಕೆಳಗೆ ಕೂತು ಅವರು ಹೇಳಿದ ಅಂಕಿಗಳನ್ನು ಬರೆದುಕೊಂಡ. ಒಂಬತ್ತನೆಯದನ್ನು ಕ್ರೇನು ತಂದು ಬಿಚ್ಚಿದಾಗ ಕೇಬಲ್ಲಿನ ಹಿಂದಿನ ಆರರಲ್ಲಿ ಎರಡು ಮುರಿದಿದ್ದವು, ಒಂದು ಸಡಿಲವಿತ್ತು, ಮೂರು ಗಟ್ಟಿಯಾಗಿದ್ದವು. ಉಳಿದ ಹದಿಮೂರು ಯಂತ್ರಗಳಲ್ಲಿ ಮೂವತ್ತೊಂಬತ್ತು ಸಡಿಲ ಬೋಲ್ಟುಗಳು ಸಿಕ್ಕವು. ಅವನ್ನೂ ಅವುಗಳ ಅಕ್ಕಪಕ್ಕದವನ್ನೂ ಬದಲಿಸಲಾಯಿತು. ಅಳತೆ ಎಂಬತ್ತಮೂರನೇ ದಿನ ಮುಗಿಯಿತು. ಹದಿಮೂರಕ್ಕೂ ಏಳು ವರ್ಷದ ಅನುಮತಿ ಬಂತು. ಎಂಬತ್ತೊಂಬತ್ತನೇ ದಿನ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮೊದಲನೇ ಯಂತ್ರವನ್ನು ಚಾಲೂ ಮಾಡಲಾಯಿತು.